ಕೃಪೆ ಎಂಬ ಎರಡಕ್ಷರ

ಕಳಸ, ಹೊರನಾಡಿನ ಹೋಟೆಲುಗಳಲ್ಲಿ ಒಂದೇ ಪೇಪರನ್ನು ಹತ್ತು ಜನ ಓದುತ್ತಿದ್ದ ಕಾಲವಿತ್ತು. ಒಬ್ಬ ಗಟ್ಟಿಯಾಗಿ ಓದಿದರೆ ಉಳಿದವರು ಟೀಕೆ ಸೇರಿಸುತ್ತಿದ್ದರು. ಆದರೆ ಸುದ್ದಿ ಯಾವ ಪತ್ರಿಕೆಯದೆಂದು ಎಲ್ಲರಿಗೂ ಗೊತ್ತಿರುತ್ತಿತ್ತು.

ಸುದ್ದಿಯ ಎರವಲು ಹೊಸದೇನಲ್ಲ. 1843ರಲ್ಲಿ ಘಟ್ಟದ ಕೆಳಗೆ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ದಲ್ಲಿ ಹೊರರಾಜ್ಯಗಳ ವರ್ತಮಾನವೂ ಇತ್ತು. ದೂರದ ಸುದ್ದಿಗೆ ಅಂದಿನ ಸಂಪಾದಕರು ಬೇರೆ ಪತ್ರಿಕೆಗಳನ್ನೇ ನೆಚ್ಚಬೇಕಿತ್ತು. 1908ರಲ್ಲಿ ಬರ್ಲಿನ್‌ನಲ್ಲಿ ತಿದ್ದುಪಡಿಯಾದ ಬರ್ನ್ ಒಪ್ಪಂದ ಇದಕ್ಕೊಂದು ಕಟ್ಟಳೆ ಹಾಕಿತು: ಬೇಡವೆಂದು ಹೇಳಿರದಿದ್ದರೆ ಒಂದು ಪತ್ರಿಕೆಯ ಲೇಖನವನ್ನು ಇನ್ನೊಂದು ಪತ್ರಿಕೆ ಅಚ್ಚು ಹಾಕಬಹುದು, ಮೂಲವನ್ನು ಮಾತ್ರ ಹೇಳಲೇಬೇಕು. ಕನ್ನಡದ ‘ಕೃಪೆ’, ಉರ್ದುವಿನ ‘ಬಶುಕ್ರಿಯಾ’ ಅದೇ ಮರ್ಯಾದೆಯ ಮಾತುಗಳು.

ಹೆಸರು ಹೇಳಿದರೆ ಸಾಕೇ? ಅಸೋಸಿಯೇಟೆಡ್ ಪ್ರೆಸ್ಸಿನ ಸುದ್ದಿ ಎತ್ತಿ ಮಾರುತ್ತಿದ್ದ ಎದುರಾಳಿ ಸಂಸ್ಥೆಯನ್ನು 1918ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತಡೆಯಿತು. ಬಿತ್ತದವನು ಕೊಯ್ಯಬಾರದೆಂಬುದು ಅದರ ನ್ಯಾಯ. 2021ರಲ್ಲಿ ಆಸ್ಟ್ರೇಲಿಯಾ, ದೊಡ್ಡ ಅಂತರ್ಜಾಲ ಕಂಪನಿಗಳು ಸುದ್ದಿ ಸಂಸ್ಥೆಗಳೊಂದಿಗೆ ಪ್ರತಿಫಲದ ಮಾತುಕತೆ ನಡೆಸುವಂತೆ ಮಾಡುವ ಕಾನೂನು ತಂದಿತು.

ನಮ್ಮ ಗುಡ್ಡ ಕುಸಿದಾಗ ಮಳೆಯಲ್ಲಿ ನೆನೆದು ಸುದ್ದಿ ತರುವವನು ಊರಿನ ಬಿಡಿ ವರದಿಗಾರ. ಅದೇ ಸುದ್ದಿ ಮೊಬೈಲಿನಲ್ಲಿ ಸುತ್ತುವಾಗ ಜಾಹೀರಾತಿನ ಹಣವೂ ಓದುಗರ ಚರ್ಚೆಯೂ ಬೇರೆಯವರ ಅಂಗಳ ಸೇರುತ್ತವೆ. ಕಾಫಿ ಹಣ್ಣು ಕುಯ್ದವರಿಗೆ ಕೂಲಿ ಕೊಡದೆ ಕಾಫಿ ಕುಡಿಸುವುದನ್ನು ಈ ಸೀಮೆಯಲ್ಲಿ ಯಾರೂ ದಾನವೆನ್ನುವುದಿಲ್ಲ.