ಹಿತ್ತಲ ಗಿಡ ಮದ್ದಾದಾಗ

"ಹಿತ್ತಲ ಗಿಡ ಮದ್ದಲ್ಲ" ಅನ್ನೋ ಗಾದೆಯನ್ನು ನಾವೆಲ್ಲ ಎಷ್ಟು ಸಲ ಹೇಳಿಲ್ಲ? ಆದರೆ ಹಿತ್ತಲ ಗಿಡವೇ ಮದ್ದು ಅಂತ ನಂಬಿ, ಅದನ್ನು ಲಕ್ಷಗಟ್ಟಲೆ ಮನೆಗಳಲ್ಲಿ ಬೆಳೆಸಿದ ದೇಶವೊಂದಿದೆ. ಅದು ಬಾಂಗ್ಲಾದೇಶ.

1974ರಲ್ಲಿ ಅಲ್ಲಿ ಭೀಕರ ಕ್ಷಾಮ. ವಿಚಿತ್ರ ಏನು ಗೊತ್ತಾ? 1971ರಿಂದ 1975ರವರೆಗಿನ ವರ್ಷಗಳಲ್ಲಿ ತಲಾ ಧಾನ್ಯ ಅತಿ ಹೆಚ್ಚು ಇದ್ದದ್ದು ಅದೇ ವರ್ಷ! ಇದನ್ನು ಅಮರ್ತ್ಯ ಸೇನ್ 1981ರಲ್ಲಿ ಬರೆದು ತೋರಿಸಿದರು. ನೆರೆ ಬಂದು ಕೂಲಿ ನಿಂತಿತ್ತು, ಅಕ್ಕಿಯ ಬೆಲೆ ಗಗನಕ್ಕೇರಿತ್ತು. ಅಂಗಡಿಯಲ್ಲಿ ಅಕ್ಕಿ ಇತ್ತು, ಕೂಲಿಯವರ ಕೈಯಲ್ಲಿ ಕಾಸಿರಲಿಲ್ಲ. ರಂಗಪುರದ ಕಡೆ ಅತಿ ಹೆಚ್ಚು ಪೆಟ್ಟು ಬಿತ್ತು.

ಅನ್ನ ಸಿಕ್ಕ ಮನೆಗಳಲ್ಲೂ ಇನ್ನೊಂದು ಹಸಿವಿತ್ತು. ಬರೀ ಅನ್ನ ತಿಂದು ಬೆಳೆದ ಮಕ್ಕಳಿಗೆ ಎ ಜೀವಸತ್ವ ಸಾಲದೆ ಸಂಜೆಯಾದರೆ ಕಣ್ಣು ಕಾಣುತ್ತಿರಲಿಲ್ಲ. ಇದೇ ಇರುಳುಗುರುಡು. ಹಾಗೇ ಬಿಟ್ಟರೆ ಕೆಲವರಿಗೆ ಕಣ್ಣೇ ಹೋಗುತ್ತದೆ. 1982-83ರಲ್ಲಿ ದೇಶದಾದ್ಯಂತ ಸಮೀಕ್ಷೆ ನಡೆದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು: ಮನೆಯ ಪಕ್ಕ ತರಕಾರಿ ಬೆಳೆಯುವವರ ಮಕ್ಕಳಲ್ಲಿ ಈ ತೊಂದರೆ ಕಡಿಮೆ.

ಹಿತ್ತಲು ಅಲ್ಲಿಗೆ ಹೊಸದೇನಲ್ಲ. ಗುಡಿಸಲ ಮೇಲೆ ಸೋರೆಬಳ್ಳಿ, ಬೇಲಿಗೆ ಬಸಳೆ (ಅವರು ಪುಂಯಿ ಶಾಕ್ ಅಂತಾರೆ) ಮೊದಲಿಂದಲೂ ಇದ್ದವು. ಆದರೆ ಒಂದೆರಡು ತಿಂಗಳು ಕಾಯಿ ಬಿಟ್ಟು ಮುಗಿದುಹೋಗುತ್ತಿದ್ದವು. 1990ರಲ್ಲಿ ಹೆಲೆನ್ ಕೆಲ್ಲರ್ ಇಂಟರ್‌ನ್ಯಾಷನಲ್ ಸಂಸ್ಥೆ ಸಾವಿರ ಕುಟುಂಬಗಳ ಜೊತೆ ಒಂದು ಪ್ರಯೋಗ ಶುರು ಮಾಡಿತು. ವರ್ಷವಿಡೀ ಏನಾದರೂ ಕೊಯ್ಯಲು ಸಿಗುವಂತೆ ಹಲವು ಬಗೆಯ ಸೊಪ್ಪು, ತರಕಾರಿ, ಹಣ್ಣು, ಬೀಜ ಮತ್ತು ಸಸಿಗೆ ಊರಲ್ಲೇ ಒಂದು ನರ್ಸರಿ, ಹೆಂಗಸರ ಗುಂಪುಗಳು. 1993ರಿಂದ ಸ್ಥಳೀಯ ಸಂಸ್ಥೆಗಳೂ ಕೈಜೋಡಿಸಿದವು. ಎರಡು ದಶಕಗಳಲ್ಲಿ ಇದು ಸುಮಾರು 50 ಲಕ್ಷ ಜನರನ್ನು ತಲುಪಿತು.

ಹಾಗಂತ ಎಲ್ಲಾ ಶ್ರೇಯಸ್ಸನ್ನೂ ಬಸಳೆಗೇ ಕೊಟ್ಟರೆ ತಪ್ಪಾಗುತ್ತದೆ. 1973ರಿಂದ ಸರ್ಕಾರ ಮಕ್ಕಳಿಗೆ ಎ ಜೀವಸತ್ವದ ಮಾತ್ರೆ ಕೊಡುತ್ತಾ ಬಂದಿತ್ತು. ಇರುಳುಗುರುಡು ಇಳಿದದ್ದರಲ್ಲಿ ಅದರ ಪಾಲೇ ದೊಡ್ಡದು. ಮೇಲಾಗಿ, ಸೊಪ್ಪಿನಿಂದ ಮೈಗೆ ಸಿಗುವ ಎ ಜೀವಸತ್ವ ಮೊದಲು ಅಂದುಕೊಂಡಿದ್ದರ ಅರ್ಧದಷ್ಟೇ ಅಂತ 2001ರಲ್ಲಿ ಅಮೆರಿಕದ ತಜ್ಞರು ಲೆಕ್ಕ ತಿದ್ದಿದರು. ಹಾಗಾಗಿ ತೋಟದ ಜೊತೆಗೆ ಕೋಳಿ, ಮೊಟ್ಟೆಗಳೂ ಸೇರಿಕೊಂಡವು.

ಆದರೆ ಮಾತ್ರೆ ಕೊಡಲಾರದ್ದನ್ನು ಹಿತ್ತಲು ಕೊಟ್ಟಿತು. ಆಶ್ವಯುಜ, ಕಾರ್ತಿಕದಲ್ಲಿ ಭತ್ತ ಇನ್ನೂ ಕೊಯ್ಲಿಗೆ ಬಂದಿರುವುದಿಲ್ಲ, ಕೂಲಿಯೂ ಇರುವುದಿಲ್ಲ. ರಂಗಪುರದವರು ಆ ದಿನಗಳನ್ನು ಮೊಂಗಾ ಅಂತ ಕರೆಯುತ್ತಿದ್ದರು. ಅಂಥ ಹೊತ್ತಲ್ಲಿ ಸಂತೆಗೆ ಹೋಗದೆ, ಯಾರ ಮುಂದೆಯೂ ಕೈಚಾಚದೆ ಕೊಯ್ದು ತರಬಹುದಾದ ಒಂದು ಹಿಡಿ ಸೊಪ್ಪು. ಮಿಕ್ಕಿದ್ದನ್ನು ಮಾರಿದರೆ ಹೆಂಗಸಿನ ಕೈಯಲ್ಲಿ ನಾಲ್ಕು ಕಾಸು. 1974ರಲ್ಲಿ ಬಡವರ ಹತ್ತಿರ ಇಲ್ಲದೇ ಹೋದದ್ದು ಇದೇ ತಾನೇ?

ದೇಶದ ಆಹಾರದ ಲೆಕ್ಕ ಹಾಕುವಾಗ ನಾವು ಗೋದಾಮಿನ ಮೂಟೆಗಳನ್ನು ಎಣಿಸುತ್ತೇವೆ. ಹಿತ್ತಲನ್ನು ಯಾರೂ ಎಣಿಸುವುದಿಲ್ಲ. ನಿಮ್ಮ ಮನೆಯ ಹಿತ್ತಲಿಂದ ಈ ವಾರ ಅಡುಗೆಮನೆಗೆ ಏನೇನು ಬಂತು? ಒಮ್ಮೆ ಎಣಿಸಿ ನೋಡಿ.