ವರ್ಟಿಬ್ರೋಪ್ಲಾಸ್ಟಿ

ಆಸ್ಟಿಯೊಪೊರೋಸಿಸ್‌ನಿಂದ ಟೊಳ್ಳಾಗಿ ಕುಸಿದ ಬೆನ್ನುಮೂಳೆಯ ಮಣಿಗೆ, ಬೆನ್ನು ಕೊಯ್ಯದೆ ಸೂಜಿಯ ಮೂಲಕವೇ ಮೂಳೆ ಸಿಮೆಂಟ್ ತುಂಬುವ ಚಿಕಿತ್ಸೆ. ಮೊದಲು ಬಲೂನು ಉಬ್ಬಿಸಿ ಜಾಗ ಮಾಡಿಕೊಂಡು ತುಂಬುವ ವಿಧಾನಕ್ಕೆ ಕೈಫೋಪ್ಲಾಸ್ಟಿ ಎಂದು ಹೆಸರು.

ಮುರಿತದ ಸ್ವರೂಪ
ಈ ಮುರಿತ ಮುಟ್ಟು ನಿಂತ ಹೆಂಗಸರಲ್ಲಿ, ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಹೆಚ್ಚು. ನೀರಿನ ಕೊಡ ಎತ್ತಿದಾಗ, ಜೋರಾಗಿ ಕೆಮ್ಮಿದಾಗಲೂ ಮಣಿ ಕುಸಿಯಬಹುದು. ಎದೆಭಾಗದ ಕೊನೆಯ ಮಣಿ, ಸೊಂಟದ ಮೊದಲ ಮಣಿ ಹೆಚ್ಚಾಗಿ ಮುರಿಯುತ್ತವೆ. ಮಲಗಿದರೆ ತಗ್ಗುವ ನೋವು ಎದ್ದು ನಿಂತರೆ ಏರುತ್ತದೆ. ಕ್ಷಯ, ಮೈಲೋಮಾ ಕ್ಯಾನ್ಸರ್‌ಗಳೂ ಮಣಿಯನ್ನು ಕುಸಿಯುವಂತೆ ಮಾಡುವುದರಿಂದ ಅವಿಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು.

ವಿಧಾನ
ಮುರಿತ ಹೊಸದೇ ಎಂಬುದನ್ನು ಎಂಆರ್‌ಐ ತೋರಿಸುತ್ತದೆ: ಹೊಸ ಮುರಿತವಿರುವ ಮಣಿಯಲ್ಲಿ ನೀರೂತ ಕಾಣುತ್ತದೆ. ರೋಗಿಯನ್ನು ಬೋರಲು ಮಲಗಿಸಿ, ಸಾಮಾನ್ಯವಾಗಿ ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು, ಸಿ-ಆರ್ಮ್ ಎಕ್ಸ್-ರೇ ನೋಡುತ್ತ ಸೂಜಿಯನ್ನು ಮಣಿಯ ಹಿಂಬದಿಯ ಪೆಡಿಕಲ್ ಎಂಬ ಮೂಳೆಭಾಗದ ಮೂಲಕ ಒಳಗಿಳಿಸುತ್ತಾರೆ. ಅನುಮಾನವಿದ್ದರೆ ಅದೇ ದಾರಿಯಲ್ಲಿ ಬಯಾಪ್ಸಿಗೆ ಮೂಳೆಯ ಚೂರು ತೆಗೆಯಬಹುದು. ಬೇರಿಯಂ ಸೇರಿಸಿದ ಪಿಎಂಎಂಎ ಸಿಮೆಂಟ್ ಟೂತ್‌ಪೇಸ್ಟಿನ ಹದಕ್ಕೆ ಬಂದ ಮೇಲೆ ಮೆಲ್ಲಗೆ ತುಂಬುತ್ತಾರೆ. ತೆಳುವಾಗಿದ್ದರೆ ಅದು ರಕ್ತನಾಳಕ್ಕೆ ಸೋರಿ ಶ್ವಾಸಕೋಶ ಸೇರಬಹುದು, ಹಿಂದಕ್ಕೆ ಸರಿದರೆ ಮಿದುಳುಬಳ್ಳಿಯನ್ನು ಒತ್ತಬಹುದು. ಮಣಿಯ ಹಿಂಗೋಡೆಯ ಹತ್ತಿರಕ್ಕೆ ಸಿಮೆಂಟ್ ಬಂದೊಡನೆ ನಿಲ್ಲಿಸುವುದೇ ಇಲ್ಲಿನ ಕೈಚಳಕ.

ಇತಿಹಾಸ ಮತ್ತು ವಿವಾದ
1984ರಲ್ಲಿ ಫ್ರಾನ್ಸಿನ ಅಮಿಯಾಂನಲ್ಲಿ ವೈದ್ಯರಾದ ಗಾಲಿಬೇರ್, ಡೆರಾಮೊಂ ಇದನ್ನು ಮೊದಲು ಮಾಡಿದ್ದು ಕತ್ತಿನ ಮಣಿಯೊಂದರ ರಕ್ತನಾಳದ ಗಡ್ಡೆಗೆ. ಆಸ್ಟಿಯೊಪೊರೋಸಿಸ್‌ನ ಮುರಿತಗಳಿಗೆ ಅದು ಹಬ್ಬಿದ್ದು ಆಮೇಲೆ. 2009ರಲ್ಲಿ ಪ್ರಕಟವಾದ ಎರಡು ಪರೀಕ್ಷೆಗಳಲ್ಲಿ ಸಿಮೆಂಟ್ ತುಂಬಿಸಿಕೊಂಡವರಿಗೂ ಬರೀ ತೋರಿಕೆಯ ಚಿಕಿತ್ಸೆ ಪಡೆದವರಿಗೂ ನೋವು ಹೆಚ್ಚುಕಡಿಮೆ ಒಂದೇ ರೀತಿ ತಗ್ಗಿತ್ತು. ಆದರೆ ಅವುಗಳಲ್ಲಿ ತಿಂಗಳುಗಟ್ಟಲೆ ಹಳೆಯ ಮುರಿತಗಳೂ ಸೇರಿದ್ದವು. ಆರು ವಾರದೊಳಗಿನ, ತೀವ್ರ ನೋವಿನ ಮುರಿತಗಳನ್ನಷ್ಟೇ ಆರಿಸಿಕೊಂಡ ಆಸ್ಟ್ರೇಲಿಯಾದ 2016ರ ವೇಪರ್ ಪರೀಕ್ಷೆ ಲಾಭವಿದೆ ಎಂದಿತು. 2018ರ ಡಚ್ ಪರೀಕ್ಷೆ ಇಲ್ಲವೆಂದಿತು. ಹೀಗಾಗಿ ಇದು ಎಲ್ಲರಿಗೂ ಹೇಳಿದ ಚಿಕಿತ್ಸೆಯಲ್ಲ. ನೋವುಮಾತ್ರೆಗೂ ಬಗ್ಗದೆ ರೋಗಿಯನ್ನು ಹಾಸಿಗೆ ಹಿಡಿಸಿದ ಹೊಸ ಮುರಿತಕ್ಕೆ ಪರಿಗಣಿಸಬಹುದು.

ಆದೋನಿ ಸೀಮೆಯಲ್ಲಿ
1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ, ಈಗ ಆಂಧ್ರದಲ್ಲಿರುವ ಆದೋನಿಯಿಂದ ಚಿಕಿತ್ಸೆಗೆ ಹೋಗಲು ಕರ್ನೂಲಿಗಿಂತ ಬಳ್ಳಾರಿಯೇ ಹತ್ತಿರ. ಮಾಧವರಂ ಕಡೆಯ ಹೊಲಗಳಲ್ಲಿ ಹತ್ತಿ ಬಿಡಿಸುವ ಅಜ್ಜಿಯ ನಡುನೋವನ್ನು ವಯಸ್ಸಿನದೆಂದು ಬಿಟ್ಟರೆ ಆ ಆರು ವಾರ ಕಳೆದೇಹೋಗುತ್ತದೆ. ಆದ್ದರಿಂದ ಮೊದಲ ವಾರದಲ್ಲೇ ಎಕ್ಸ್-ರೇ ತೆಗೆಸುವುದು ಮುಖ್ಯ.

ನಂತರ
ಸಿಮೆಂಟ್ ಒಂದು ಮಣಿಗೆ ಆಸರೆಯಾಗುತ್ತದೆಯೇ ಹೊರತು ಮೂಲ ರೋಗವನ್ನು ವಾಸಿಮಾಡುವುದಿಲ್ಲ. ಒಮ್ಮೆ ಮಣಿ ಮುರಿದವರಿಗೆ ಮತ್ತೊಂದು ಮುರಿಯುವ ಅಪಾಯ ಹೆಚ್ಚು. ಕ್ಯಾಲ್ಸಿಯಂ, ವಿಟಮಿನ್ ಡಿ ಜೊತೆಗೆ ವಾರದ ಅಲೆಂಡ್ರೊನೇಟ್ ಮಾತ್ರೆಯೋ ವರ್ಷಕ್ಕೊಮ್ಮೆಯ ಜೊಲೆಡ್ರೊನಿಕ್ ಆಮ್ಲದ ಡ್ರಿಪ್ಪೋ ವೈದ್ಯರ ಸಲಹೆಯಂತೆ ಮುಂದುವರಿಯಬೇಕು.