ಪದ ಪರಿಚಯ: ಫೋರ್ಕ್

ಕೆನೆತ್ ಐವರ್ಸನ್ ಅವರಿಗೆ ವ್ಯಾಕರಣದ ಮೇಲೆ ಮೋಹ. ಅವರ ಜೆ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಫಂಕ್ಷನ್ ಎಂದರೆ ಕ್ರಿಯಾಪದ, ದತ್ತಾಂಶ ಎಂದರೆ ನಾಮಪದ. ಮೂರು ಕ್ರಿಯಾಪದಗಳ ಕೂಟಕ್ಕೆ ಮಾತ್ರ ‘ಫೋರ್ಕ್’, ಅಂದರೆ ಕವಲು, ಎಂಬ ಹೆಸರು. 1989ರಲ್ಲಿ ಯೂಜೀನ್ ಮೆಕ್‌ಡಾನೆಲ್ ಜೊತೆ ಬರೆದ ಪ್ರಬಂಧದಲ್ಲಿ ಅವರು ಇದನ್ನು ವಿವರಿಸಿದರು.

(+/ % #) ನೋಡಿ. +/ ಕೂಡುತ್ತದೆ, # ಎಣಿಸುತ್ತದೆ, ನಡುವಿನ % ಭಾಗಿಸುತ್ತದೆ. 2 4 9 ಕೊಟ್ಟರೆ ಒಂದು ಕವಲಲ್ಲಿ 15, ಇನ್ನೊಂದರಲ್ಲಿ 3, ಕೂಡುವಲ್ಲಿ 5: ಸರಾಸರಿ.

ಎಡಕ್ಕೊಂದು ಕಳೆಯುವ ಚಿಹ್ನೆ ಸೇರಿಸಿ: (- +/ % #). ಈಗ ಪ್ರತಿ ಸಂಖ್ಯೆಯಿಂದ ಸರಾಸರಿ ಕಳೆದು −3, −1, 4 ಬರುತ್ತದೆ. ಕಳೆಯುವ ಚಿಹ್ನೆ ಮತ್ತು ಫೋರ್ಕ್, ಈ ಎರಡರ ಜೋಡಣೆಗೆ ‘ಹುಕ್’ ಎನ್ನುತ್ತಾರೆ. ಓದುವವರು ಬಲತುದಿಯ ಮೂರನ್ನು ಮೊದಲು ಗುಂಪು ಮಾಡಬೇಕು; +/ ಎರಡು ಚಿಹ್ನೆಯಾದರೂ ಒಂದೇ ಕ್ರಿಯಾಪದ, ಹೊಸಬರು ಎಡವುವುದೇ ಅಲ್ಲಿ. ಫೋರ್ಕಿಗೆ ‘ಸರಾಸರಿ’ ಎಂದು ಹೆಸರಿಟ್ಟರೆ ಸಾಲು ‘- ಸರಾಸರಿ’ ಆಗುತ್ತದೆ, ಎಣಿಸುವ ತಾಪತ್ರಯವಿಲ್ಲ. ಹಾಗೆಂದು +/ ಗೂ ‘ಮೊತ್ತ’ ಎಂದು ಹೆಸರಿಡುವುದು ನನಗೆ ಅತಿ ಎನಿಸುತ್ತದೆ. ಅದು ನೋಡಿದೊಡನೆ ತಿಳಿಯುವಂಥದ್ದು.